ನಡಿಗೆ, ನುಡಿ, ನೆನಪು

ಕನ್ನಡಕವನ್ನು ಎಲ್ಲಿಟ್ಟೆನೆಂದು ಹುಡುಕುವುದು ಎಲ್ಲ ವಯಸ್ಸಿನವರಿಗೂ ಉಂಟು. ಆದರೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಆಪ್ತರ ಹೆಸರು ನಾಲಿಗೆಗೆ ಬಾರದಿರುವುದು, ಮನೆಯ ಜಮಾಖರ್ಚಿನಲ್ಲಿ ಪದೇ ಪದೇ ತಪ್ಪುವುದು ಹೆಚ್ಚುತ್ತ ಬಂದರೆ, ಅದನ್ನು ‘ಅರವತ್ತಕ್ಕೆ ಅರಳುಮರಳು’ ಎಂದು ನಕ್ಕು ಬಿಡಲಾಗದು. ನಿತ್ಯದ ಕೆಲಸಗಳಿಗೆ ಪರಾವಲಂಬನೆಯಿಲ್ಲದ, ಆದರೆ ನೆನಪು, ಗಮನ, ಯೋಚನೆಗಳು ವಯಸ್ಸಿಗೆ ಮೀರಿ ಕುಂದಿದ ಈ ಸ್ಥಿತಿಯು ಡಿಮೆನ್ಷಿಯಾ ಅಲ್ಲ. ಅದರ ಹೊಸ್ತಿಲು ಆಗಬಹುದು. ಕೆಲವರು ಅಲ್ಲಿಯೇ ನಿಲ್ಲುತ್ತಾರೆ, ಕೆಲವರು ಹಿಂದಿರುಗುವುದೂ ಉಂಟು.

ಮೊದಲು ವೈದ್ಯರನ್ನು ಕಾಣುವುದು ಅಗತ್ಯ. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ಕೆಲವು ನಿದ್ರೆಯ ಔಷಧಗಳು ಸಹ ಮರೆವನ್ನು ತರುತ್ತವೆ; ಇವುಗಳಿಗೆ ಪರಿಹಾರವಿದೆ. ಕಿವುಡನ್ನೂ ಪರೀಕ್ಷಿಸಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಮಿದುಳಿನ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುವುದರಿಂದ ಅವು ಹತೋಟಿಯಲ್ಲಿರಬೇಕು.

ಎರಡನೆಯ ಉಪಾಯ ವ್ಯಾಯಾಮ. ಇಂಥ ಹಿರಿಯರು ವಾರಕ್ಕೆ ಎರಡು ಬಾರಿಯಾದರೂ ವ್ಯಾಯಾಮ ಮಾಡಬೇಕೆಂದು ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2018ರಲ್ಲಿ ಸಲಹೆಯಿತ್ತಿತು. ಕೆನಡಾದಲ್ಲಿ 175 ಮಂದಿಯ ಮೇಲೆ 20 ವಾರ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದೇಹದ ವ್ಯಾಯಾಮದೊಡನೆ ಮಿದುಳಿನ ಅಭ್ಯಾಸವನ್ನೂ ಮಾಡಿದವರು ಪರೀಕ್ಷೆಗಳಲ್ಲಿ ಸುಧಾರಿಸಿದರು. ಡಿ ಜೀವಸತ್ವದ ಮಾತ್ರೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಇಂದಿರಾ ಪಾರ್ಕಿನ ಚುರುಕು ನಡಿಗೆ, ಕುರ್ಚಿಯಿಂದ ಹತ್ತು ಬಾರಿ ಎದ್ದು ಕೂರುವುದು ಇವು ಆರಂಭಕ್ಕೆ ಸಾಕು; ಹೃದ್ರೋಗ, ಮಂಡಿನೋವು ಉಳ್ಳವರು ವೈದ್ಯರನ್ನು ಕೇಳಿಯೇ ತೊಡಗಬೇಕು.

ಮಿದುಳಿನ ಅಭ್ಯಾಸದ ವಿಷಯದಲ್ಲಿ ಹೈದರಾಬಾದಿಗೆ ವಿಶೇಷ ಸ್ಥಾನವಿದೆ. ಇಲ್ಲಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದಂತೆ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗಲಕ್ಷಣಗಳು ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದ್ದವು. ಅನಕ್ಷರಸ್ಥರಲ್ಲಿಯೂ ಈ ಅಂತರವಿತ್ತು. ಭಾಷೆಯಿಂದ ರೋಗ ವಾಸಿಯಾಗುತ್ತದೆಂದು ಇದರ ಅರ್ಥವಲ್ಲ. ದುಡಿಯುವ ಮಿದುಳು ಆಪತ್ಕಾಲಕ್ಕೆ ಮೀಸಲು ನಿಧಿಯನ್ನು ಕೂಡಿಡುತ್ತದೆಂದು ತಜ್ಞರು ಊಹಿಸುತ್ತಾರೆ.

ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಆಟೋದವನೊಡನೆ ದಖನಿ ಉರ್ದು ಆಡುವ ಇಲ್ಲಿಯ ಕನ್ನಡಿಗರಿಗೆ ಈ ಅಭ್ಯಾಸ ತಾನಾಗಿಯೇ ಒದಗಿದೆ. ಆದರೆ ಇಳಿವಯಸ್ಸಿನಲ್ಲಿ ರಾಯಚೂರು, ಧಾರವಾಡಗಳಿಂದ ಮಕ್ಕಳ ಮನೆಗೆ ಬಂದ ತಾಯಿತಂದೆಯರ ಪಾಡು ಬೇರೆ. ಹೊರಗೆ ಭಾಷೆ ಬಾರದು. ಒಳಗೆ ಮಾತನಾಡಲು ಯಾರಿಗೂ ಬಿಡುವಿಲ್ಲ. ತಪ್ಪಾದೀತೆಂದು ಮಕ್ಕಳು ಲೆಕ್ಕದ ಪುಸ್ತಕವನ್ನೂ ಅವರ ಕೈಯಿಂದ ಕಸಿದುಕೊಳ್ಳುತ್ತಾರೆ. ಇದು ಪ್ರೀತಿಯಿಂದಲೇ ಆಗುವ ಅಪಚಾರ.

ಲೆಕ್ಕವನ್ನು ಅವರೇ ಬರೆಯಲಿ, ಮಕ್ಕಳು ಮರೆಯಲ್ಲಿ ತಾಳೆ ನೋಡಲಿ. ಮೊಮ್ಮಗ ಅಜ್ಜಿಗೆ ದಿನಕ್ಕೆರಡು ತೆಲುಗು ಮಾತು ಕಲಿಸಲಿ, ಅಜ್ಜಿ ಅವನಿಗೆ ಕನ್ನಡದ ಒಗಟು ಹೇಳಲಿ. ಸಂಜೆ ಇಬ್ಬರೂ ಜೊತೆಯಾಗಿ ನಡೆಯಲಿ. ಇದಕ್ಕೆ ಹಣದ ವೆಚ್ಚವಿಲ್ಲ; ಮನೆಯವರ ಅರ್ಧ ಗಂಟೆ ಸಾಕು.