ಗೇರುಸಿಪ್ಪೆಯ ಎಣ್ಣೆಯೂ ಪ್ಲೈವುಡ್ಡಿನ ಅಂಟೂ

ಗೇರುಬೀಜದ ಕಾರ್ಖಾನೆಗಳಲ್ಲಿ ಬೀಜವನ್ನೊಡೆದು ತಿರುಳು ಬಿಡಿಸುವ ಹೆಂಗಸರು ಕೈಗೆ ಬೂದಿಯನ್ನೋ ಹರಳೆಣ್ಣೆಯನ್ನೋ ಸವರಿಕೊಂಡೇ ಕೆಲಸಕ್ಕೆ ಕೂಡುತ್ತಿದ್ದರೆಂಬುದನ್ನು ಮಂಗಳೂರು ಸೀಮೆಯವರಿಗೆ ಬೇರೆ ಹೇಳಬೇಕಾದುದಿಲ್ಲ. ಸಿಪ್ಪೆಯ ಎರಡು ಪದರಗಳ ನಡುವೆ, ಜೇನುಹುಟ್ಟಿನಲ್ಲಿರುವಂತೆ ಒತ್ತೊತ್ತಾಗಿ ಹೆಣೆದ ಪುಟ್ಟ ಕೋಶಗಳಲ್ಲಿ ಅಡಗಿರುವ ದಾಹಕ ತೈಲವು ಚರ್ಮಕ್ಕೆ ತಗುಲಿದರೆ ಬೊಕ್ಕೆಯೇಳಿಸುವುದು. ಕರಾವಳಿಯ ಮೀನುಗಾರರು ಇದನ್ನೇ ದೋಣಿಯ ಹಲಗೆಗಳಿಗೆ ಬಳಿದು, ನೀರಿನಿಂದಲೂ ಹುಳುವಿನಿಂದಲೂ ಅವನ್ನು ಕಾಪಾಡಿಕೊಂಡರು. ಈ ತೈಲದ ಅಣುಗಳು ಫೀನಾಲಿನ ಕುಲಕ್ಕೆ ಸೇರಿದವು. ಅದರ ಮಹತ್ವವೆಲ್ಲ ಆ ಕುಲಸಂಬಂಧದಲ್ಲಿಯೇ ಇರುವುದು.

ದಿಮ್ಮಿಯನ್ನು ತಿರುಗಿಸುತ್ತ ಸುಲಿದ ತೆಳು ಹಾಳೆಗಳನ್ನು, ಒಂದರ ಎಳೆ ಮತ್ತೊಂದಕ್ಕೆ ಅಡ್ಡವಾಗುವಂತೆ ಪೇರಿಸಿ, ನಡುವೆ ಅಂಟು ಹಚ್ಚಿ, ಬಿಸಿಯಾದ ಪ್ರೆಸ್ಸಿನಲ್ಲಿ ಅದುಮಿದರೆ ಪ್ಲೈವುಡ್ ಸಿದ್ಧವಾಗುವುದು. ಮಳೆಗಾಲಕ್ಕೆ ಅಂಜದ ಹಲಗೆ ಬೇಕಾದಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡುಗಳನ್ನು ಕೂಡಿಸಿದ ರಾಳವನ್ನು ಬಳಸುತ್ತಾರೆ. 1907ರಲ್ಲಿ ಬೇಕ್‌ಲ್ಯಾಂಡ್ ಎಂಬ ರಸಾಯನಜ್ಞನು ಬೇಕಲೈಟನ್ನು ಪಡೆದದ್ದೂ ಈ ಎರಡರ ಸಂಯೋಗದಿಂದಲೇ. ಆದರೆ ಇಂದಿನ ಫೀನಾಲಿನ ಮೂಲ ಪೆಟ್ರೋಲಿಯಂ. ಭೂಗರ್ಭದಿಂದ ತೆಗೆದು ತರಬೇಕಾದುದು.

ಗೇರುಸಿಪ್ಪೆಯ ತೈಲದಲ್ಲಿ ಪ್ರಧಾನವಾಗಿರುವ ಅನಕಾರ್ಡಿಕ್ ಆಮ್ಲವನ್ನು ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಕಾರ್ಡನಾಲ್ ಉಳಿಯುವುದು. ಇದು ಹದಿನೈದು ಇಂಗಾಲದ ಪರಮಾಣುಗಳ ಉದ್ದನೆಯ ಬಾಲವನ್ನು ಹೊತ್ತ ಫೀನಾಲೇ ಹೊರತು ಬೇರೆಯಲ್ಲ. ಆ ಬಾಲವು ಫೀನಾಲ್ ಅಣುವಿನ ಇಂಗಾಲದ ಉಂಗುರದ ಎಂತಹ ಸ್ಥಾನದಲ್ಲಿ ಕೂಡಿಕೊಂಡಿದೆಯೆಂದರೆ, ಫಾರ್ಮಾಲ್ಡಿಹೈಡ್ ಬಂದು ಸೇರಬೇಕಾದ ಮೂರು ಸ್ಥಾನಗಳೂ ತೆರವಾಗಿಯೇ ಇರುತ್ತವೆ. ನಿಸರ್ಗವು ಹೀಗೆ ಸಿದ್ಧಪಡಿಸಿಟ್ಟ ವಸ್ತುವನ್ನು ಕಂಡಾಗ ನನಗೆ ನಿಜವಾದ ಆನಂದವುಂಟಾಗುತ್ತದೆ. ಬಾಲವು ನೀರನ್ನು ದೂರವಿಡುವುದಲ್ಲದೆ, ಪೆಡಸಾದ ರಾಳಕ್ಕೆ ಬಾಗುವ ಗುಣವನ್ನೂ ಕೊಡುವುದು. ಆದರೆ ಅದರ ಗಾತ್ರದ ದೆಸೆಯಿಂದಲೇ ಕ್ರಿಯೆ ನಿಧಾನವಾಗುವುದು. ಆದುದರಿಂದ ಫೀನಾಲಿನ ಒಂದಂಶವನ್ನು ಮಾತ್ರ ಇದರಿಂದ ತುಂಬುವುದು ವಾಡಿಕೆ. ಬೆಂಗಳೂರಿನ ಪ್ಲೈವುಡ್ ಸಂಶೋಧನ ಸಂಸ್ಥೆಯೂ ಈ ದಿಕ್ಕಿನಲ್ಲಿ ಪ್ರಯೋಗ ನಡೆಸಿದೆ.

ಇದರಿಂದ ಫಾರ್ಮಾಲ್ಡಿಹೈಡ್ ಮಾತ್ರ ತಪ್ಪದು. ಅದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯು 2004ರಲ್ಲಿ ನಿರ್ಣಯಿಸಿತು. ಅದನ್ನು ಪೂರ್ಣವಾಗಿ ತ್ಯಜಿಸುವ ದಾರಿ ಅಮೆರಿಕದ ಆರೆಗಾನ್‌ನಲ್ಲಿ ದೊರೆಯಿತು: ಅಲೆಗಳ ಹೊಡೆತದಲ್ಲಿಯೂ ಬಂಡೆಯನ್ನು ಬಿಡದ ಮಸ್ಸೆಲ್ ಚಿಪ್ಪುಜೀವಿಯ ಅಂಟನ್ನು ಅಭ್ಯಸಿಸಿದ ಕೈಚಾಂಗ್ ಲೀ, ಸೋಯಾ ಹಿಟ್ಟಿನ ಪ್ರೋಟೀನನ್ನು ಅದರಂತೆ ಬಲಪಡಿಸಿದರು.

ನಮ್ಮ ಕರಾವಳಿಯಲ್ಲಿ ರಾಶಿ ಬೀಳುವ ಗೇರುಸಿಪ್ಪೆಯನ್ನು ಹಾಗೆಯೇ ಬಾಯ್ಲರಿಗೆ ಹಾಕುವುದು ತೈಲದ ಅಪವ್ಯಯವೆಂದೇ ನನ್ನ ಅಭಿಪ್ರಾಯ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯೂ ಉರಿಯುತ್ತದೆ.