ರತ್ನಗಂಬಳಿ ಮತ್ತು ಜಮಖಾನೆಗಳ ಶುದ್ಧಿ

ಷೋಡಶೋಪಚಾರಗಳಲ್ಲಿ ಆವಾಹನದ ತರುವಾಯ ಬರುವುದು ಆಸನ. ಪಾದ್ಯ, ಅರ್ಘ್ಯಗಳು ಅದರ ಹಿಂದೆ ಬರತಕ್ಕವು. ದೇವರಿಗೆ ಸಲ್ಲುವ ಈ ಕ್ರಮವೇ ಅತಿಥಿಗೂ ಸಲ್ಲುವುದು. ಮನೆಗೆ ಬಂದವರು ಮೊದಲು ಕುಳಿತುಕೊಳ್ಳುವುದು ನಾವು ಹಾಸಿದ ಜಮಖಾನೆಯ ಮೇಲೆ. ಮನೆಯ ಕೂಸು ಅಂಬೆಗಾಲಿಡುವುದೂ ಅದರ ಮೇಲೆಯೇ. ಆದಕಾರಣ ಹಾಸಿನ ಶುದ್ಧಿಯು ಕೇವಲ ಅಲಂಕಾರದ ಮಾತಲ್ಲ, ಆರೋಗ್ಯದ ಮಾತು. ಹಾಸಿನಲ್ಲಿ ಸೇರಿದ ಧೂಳೂ, ಅದರಲ್ಲಿ ಬೆಳೆಯುವ ಕಣ್ಣಿಗೆ ಕಾಣದ ಹುಳುಗಳೂ ಉಬ್ಬಸವುಳ್ಳವರನ್ನು ಬಹಳವಾಗಿ ಪೀಡಿಸುವುವೆಂದು ವೈದ್ಯರು ಹೇಳುವರು.

ಆದರೆ ಶುದ್ಧಿಯ ಉತ್ಸಾಹದಲ್ಲಿ ಹಾಸನ್ನೇ ಕೆಡಿಸಿಕೊಳ್ಳುವ ಗೃಹಸ್ಥರು ಕಡಮೆಯಿಲ್ಲ. ಎರಡು ತಲೆಮಾರು ಬಾಳತಕ್ಕ ರತ್ನಗಂಬಳಿಯು ಒಂದು ಬಕೀಟು ಬಿಸಿನೀರು, ಒಂದು ಹಿಡಿ ಸೋಡಾ ಇವುಗಳಿಂದ ಒಂದೇ ಮಧ್ಯಾಹ್ನದಲ್ಲಿ ಹಾಳಾಗುವುದು. ಇದಕ್ಕೆ ಕಾರಣವೊಂದೇ: ಹಾಸಿನ ಎಳೆ ಯಾವುದೆಂಬುದನ್ನು ವಿಚಾರಿಸದೆ ಕೈಹಾಕುವುದು.

ನಮ್ಮ ಪೂರ್ವಿಕರು ಈ ಭೇದವನ್ನು ಬಲ್ಲವರಾಗಿದ್ದರು. ಮನುಸ್ಮೃತಿಯ 5ನೆಯ ಅಧ್ಯಾಯದ ದ್ರವ್ಯಶುದ್ಧಿ ಪ್ರಕರಣದಲ್ಲಿ ಒಂದೊಂದು ಬಗೆಯ ವಸ್ತ್ರಕ್ಕೆ ಒಂದೊಂದು ಶೋಧಕವನ್ನು ವಿಧಿಸಿದೆ. ಕುತಪವೆಂಬ ಕಂಬಳಿಗೆ ಅರಿಷ್ಟಕ, ಎಂದರೆ ನಮ್ಮ ಅಂಟುವಾಳದ ಕಾಯಿ. ನಾರಿನ ಬಟ್ಟೆಗೆ ಬಿಳಿಯ ಸಾಸಿವೆ. ರೇಷ್ಮೆ ಉಣ್ಣೆಗಳಿಗೆ ಅಲ್ಲಿ ಊಷವನ್ನು, ಅಂದರೆ ಚೌಳುಮಣ್ಣನ್ನು ಹೇಳಿರುವುದನ್ನು ಮಾತ್ರ ಇಂದಿನ ರಸಾಯನಶಾಸ್ತ್ರವು ಒಪ್ಪದು. ಉಣ್ಣೆಯು ಪ್ರಾಣಿಜನ್ಯವಾದದ್ದು, ನಮ್ಮ ಕೂದಲಿನ ಜಾತಿಯದು. ಕ್ಷಾರವು ಅದನ್ನು ತಿನ್ನುವುದು. ಹತ್ತಿಯು ಸಸ್ಯಜನ್ಯವಾದದ್ದು, ಅದು ಸಾಬೂನಿನ ಕ್ಷಾರವನ್ನು ಸಹಿಸುವುದು, ತೀಕ್ಷ್ಣವಾದ ಆಮ್ಲವನ್ನು ಸಹಿಸದು.

ಎಳೆಯ ಪರೀಕ್ಷೆಯು ಸುಲಭ. ಅಂಚಿನಿಂದ ಒಂದು ಎಳೆಯನ್ನು ಕಿತ್ತು, ಚಿಮಟದಲ್ಲಿ ಹಿಡಿದು, ಹಾಸಿನಿಂದ ದೂರದಲ್ಲಿ ದೀಪಕ್ಕೆ ಒಡ್ಡಬೇಕು. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಕಾಗದದಂತೆ ಉರಿದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿಯಾದ ಗುಂಡಾದರೆ ಕೃತಕ ನೂಲು. ತರುವಾಯ ಬಣ್ಣದ ಪರೀಕ್ಷೆ. ಒದ್ದೆ ಮಾಡಿದ ಬಿಳಿಯ ಅರಿವೆಯನ್ನು ಒಂದು ಮೂಲೆಯಲ್ಲಿ ಒತ್ತಿ ಹಿಡಿಯಬೇಕು. ಅರಿವೆಗೆ ಬಣ್ಣ ಹತ್ತಿದರೆ ಆ ಹಾಸನ್ನು ಮನೆಯಲ್ಲಿ ನೀರಿಗೆ ಹಾಕತಕ್ಕದ್ದಲ್ಲ.

ಯಾವ ಹಾಸಿಗಾದರೂ ಮೊದಲ ಸಂಸ್ಕಾರವು ಧೂಳು ಕೊಡಹುವುದು. ಗಟ್ಟಿಯಾದ ಹಗ್ಗದ ಮೇಲೆ ಹಾಸನ್ನು ಇಳಿಬಿಟ್ಟು ಬೆತ್ತದಿಂದ ಹಿಮ್ಮಗ್ಗುಲಲ್ಲಿ ಬಡಿಯಬೇಕು. ಬುಡದಲ್ಲಿ ಕುಳಿತ ಮರಳು ನಾವು ಹೆಜ್ಜೆಯಿಟ್ಟಾಗಲೆಲ್ಲ ಎಳೆಗಳನ್ನು ಕೊಯ್ಯುತ್ತಿರುವುದು. ಇದನ್ನು ಕೊಡಹದೆ ನೀರು ಸುರಿದರೆ ಧೂಳು ಕೆಸರಾಗಿ ಒಳಗೆ ಇಳಿಯುವುದು. ದುರ್ವಾಸನೆಯಿದ್ದರೆ ಅಡಿಗೆ ಸೋಡಾವನ್ನು ಒಣಗಿದ ಹಾಸಿನ ಮೇಲೆ ತೆಳ್ಳಗೆ ಉದುರಿಸಿ, ಕೆಲವು ಗಂಟೆ ಬಿಟ್ಟು, ಪೂರ್ತಿಯಾಗಿ ಗುಡಿಸಿ ತೆಗೆಯಬಹುದು.

ಬಣ್ಣ ನಿಲ್ಲುವ ಹತ್ತಿಯ ಜಮಖಾನೆಯನ್ನು ತಣ್ಣೀರಿನಲ್ಲಿ ಸಾಬೂನು ಕದಡಿ ಮೆತ್ತನೆಯ ಕುಂಚದಿಂದ ತೊಳೆದು, ನೀರು ತಿಳಿಯಾಗುವವರೆಗೆ ಜಾಲಿಸಬೇಕು. ಉಣ್ಣೆಗೆ ಅಂಟುವಾಳವೇ ಉತ್ತಮ. ಹತ್ತು ಹನ್ನೆರಡು ಕಾಯಿಗಳ ಸಿಪ್ಪೆಯನ್ನು ಎರಡು ಲೀಟರು ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಕುದಿಸಿ, ಸೋಸಿ, ಆರಿದ ಮೇಲೆ ಕಡೆದರೆ ನೊರೆಯೇಳುವುದು. ಆ ನೊರೆಯನ್ನಷ್ಟೇ ಅರಿವೆಯಲ್ಲಿ ತೆಗೆದುಕೊಂಡು ಎಳೆಯ ಒಲವಿಗೆ ಸರಿಯಾಗಿ ಒರೆಸಬೇಕು. ಬಳಿಕ ತಣ್ಣೀರಿನಲ್ಲಿ ಹಿಂಡಿದ ಅರಿವೆಯಿಂದ ಒರೆಸಬೇಕು. ಕಷಾಯಕ್ಕೆ ಕಂದುಬಣ್ಣವಿರುವುದರಿಂದ ತಿಳಿಬಣ್ಣದ ಹಾಸಾದರೆ ಮೊದಲು ಮೂಲೆಯಲ್ಲಿ ನೋಡಿಕೊಳ್ಳುವುದು ಯುಕ್ತ. ಬಿಸಿನೀರಿನಲ್ಲಿ ಉಜ್ಜಿದ ಉಣ್ಣೆಯು ಹೆಣೆದುಕೊಂಡು ಕುಗ್ಗುವುದು. ಅದನ್ನು ಮರಳಿ ಬಿಡಿಸಲಾಗದು.

ಇನ್ನು ಕಲೆಗಳ ಮಾತು. ಚೆಲ್ಲಿದೊಡನೆ ಒಣಗಿದ ಅರಿವೆಯಿಂದ ಒತ್ತಬೇಕೇ ಹೊರತು ಉಜ್ಜಬಾರದು. ಅಂಚಿನಿಂದ ನಡುವಿಗೆ ಬರಬೇಕು, ನಡುವಿನಿಂದ ಅಂಚಿಗೆ ಹೋದರೆ ಕಲೆ ಹರಡುವುದು. ಎಣ್ಣೆ ಬಿದ್ದರೆ ಅಕ್ಕಿಹಿಟ್ಟನ್ನು ಹರಡಿ, ಅದು ಹೀರಿದ ಮೇಲೆ ಸ್ವಲ್ಪವೂ ಉಳಿಯದಂತೆ ಗುಡಿಸಬೇಕು. ಹಿಟ್ಟು ಉಳಿದರೆ ಹುಳುಗಳಿಗೆ ಔತಣವಾಗುವುದು. ಹಾಲು, ಕಾಫಿ, ರಕ್ತ ಇವುಗಳಿಗೆ ತಣ್ಣೀರೇ ಯೋಗ್ಯ. ಬಿಸಿನೀರು ಹಾಲಿನ ಹಾಗೂ ರಕ್ತದ ಸತ್ತ್ವವನ್ನು ಎಳೆಗೆ ಕಚ್ಚಿಸುವುದು. ಸಾರು ಚೆಲ್ಲಿದ ಕಡೆ ಸಾಬೂನು ಹಾಕಿದೊಡನೆ ಕೆಂಪಾದರೆ ಗಾಬರಿಯಾಗಬೇಕಾದುದಿಲ್ಲ. ಅರಿಸಿನಕ್ಕೆ ಸುಣ್ಣ ಬೆರೆಸಿ ಓಕುಳಿಯ ನೀರು ಮಾಡುವ ನಮಗೆ ಇದರ ಮರ್ಮವು ತಿಳಿದೇ ಇದೆ. ನಿಂಬೆಯ ಹುಳಿ ಬೆರೆಸಿದ ನೀರು ತಾಗಿಸಿದರೆ ಕೆಂಪು ಹೋಗಿ ಹಳದಿಯೇ ಮರಳುವುದು. ಉಳಿದ ಹಳದಿಯನ್ನು ಹತ್ತಿಯ ಹಾಸಾದರೆ ಬಿಸಿಲು ಕ್ರಮೇಣ ಅಳಿಸುವುದು.

ವಿನೆಗರನ್ನೂ ಅಡಿಗೆ ಸೋಡಾವನ್ನೂ ಕೂಡಿಸಿ ಸುರಿಯಿರೆಂಬ ಸಲಹೆಯು ಈಚೆಗೆ ಬಹಳವಾಗಿ ಹಬ್ಬಿದೆ. ನೊರೆಯ ಸಂಭ್ರಮವೇನೋ ಕಾಣುವುದು. ಆದರೆ ಆಮ್ಲ ಕ್ಷಾರಗಳು ಒಂದರ ಶಕ್ತಿಯನ್ನು ಇನ್ನೊಂದು ನುಂಗಿ, ಕೊನೆಗೆ ಉಳಿಯುವುದು ಬಹುಮಟ್ಟಿಗೆ ಉಪ್ಪುನೀರು. ಇದು ಬರಿಯ ನಿಷ್ಫಲ. ಬ್ಲೀಚಿಂಗ್ ಪುಡಿಗೆ ವಿನೆಗರನ್ನಾಗಲಿ ಬೇರೆ ಆಮ್ಲವನ್ನಾಗಲಿ ಬೆರೆಸುವುದಾದರೋ ಪ್ರಾಣಾಪಾಯ. ಅದರಿಂದ ಏಳುವ ಕ್ಲೋರಿನ್ ಅನಿಲವು ಮುಚ್ಚಿದ ಕೋಣೆಯಲ್ಲಿ ಶ್ವಾಸಕೋಶಗಳನ್ನು ಸುಡುವುದು. ಉಣ್ಣೆಗಂತೂ ಬ್ಲೀಚಿಂಗ್ ಪುಡಿಯನ್ನು ಯಾವ ರೀತಿಯಲ್ಲಿಯೂ ತಾಗಿಸಕೂಡದು.

ತೊಳೆದಷ್ಟೇ ಮುಖ್ಯವಾದದ್ದು ಒಣಗಿಸುವುದು. ಬಣ್ಣದ ಉಣ್ಣೆಯನ್ನು ಗಾಳಿಯಾಡುವ ನೆರಳಿನಲ್ಲಿ ಎರಡು ಮಗ್ಗುಲೂ ಆರಿಸಬೇಕು. ತೇವವಿದ್ದ ಹಾಸನ್ನು ನೆಲಕ್ಕೆ ಹಾಸಿದರೆ ಬೂಸ್ಟು ಹಿಡಿಯುವುದು. ಆದುದರಿಂದ ಮಳೆಗಾಲದಲ್ಲಿ ಈ ಕೆಲಸಕ್ಕೆ ತೊಡಗದಿರುವುದೇ ಲೇಸು. ಎತ್ತಿಡುವಾಗ ಮಡಿಸದೆ ಸುರುಳಿ ಸುತ್ತಬೇಕು. ಮಡಿಕೆಯ ಗೆರೆಯಲ್ಲಿಯೇ ಎಳೆ ಮುರಿಯುವುದು. ನುಸಿಯ ಮರಿಗಳು ಕೊಳೆಯಾದ ಉಣ್ಣೆಯನ್ನು ವಿಶೇಷವಾಗಿ ತಿನ್ನುವುವಾದ್ದರಿಂದ ಕೊಳೆಯೊಡನೆ ಎತ್ತಿಡಬಾರದು. ಆಗಾಗ್ಗೆ ಹೊರತೆಗೆದು ಗಾಳಿಗೆ ಒಡ್ಡಬೇಕು.

ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರು ಮನೆಯ ಮಗ್ಗದಲ್ಲಿ ಹತ್ತಿಯ ಜಮಖಾನೆಗಳನ್ನು ನೇಯುವರು. ನವಿಲಿನ ಚಿತ್ತಾರದ ಆ ಹಾಸುಗಳಿಗೆ ಭೌಗೋಳಿಕ ಗುರುತಿನ ನೋಂದಣಿಯೂ ದೊರೆತಿದೆ. ಆದರೆ ನೇಯುವ ಕೈಗಳು ಈಗ ಕೆಲವೇ ಉಳಿದಿವೆ. ಅಂತಹ ಹಾಸೊಂದು ಮನೆಯಲ್ಲಿದ್ದು ನಮ್ಮ ಅವಸರದಿಂದ ಕೆಟ್ಟರೆ, ಅದರ ಜೋಡಿಯನ್ನು ತರುವುದು ಹಣದಿಂದಲೂ ಸಾಧ್ಯವಾಗಲಿಕ್ಕಿಲ್ಲ. ಆದ್ದರಿಂದ ಗೃಹಸ್ಥರೂ ಗೃಹಿಣಿಯರೂ ನೀರಿನ ಕೊಡವನ್ನು ಎತ್ತುವುದಕ್ಕೆ ಮುಂಚೆ ಒಂದು ಎಳೆಯನ್ನು ದೀಪಕ್ಕೆ ಒಡ್ಡಿ ನೋಡುವ ಶ್ರಮವನ್ನು ತೆಗೆದುಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ.