ಹದಿನಾರು ಕೆಲಸಕ್ಕೆ ಒಂದೇ ಆದೇಶ, ಬಿಸಿ ಯಾರಿಗೆ?

ಹೊಸ ಕಂಪ್ಯೂಟರ್ ತಗೊಳ್ಳೋಕೆ ಅಂಗಡಿಗೆ ಹೋದ್ರೆ ಮೊದಲು ಕೇಳಿಸೋದೇ ಗಿಗಾಹರ್ಟ್ಸ್ ಲೆಕ್ಕ. ಆದರೆ ಆ ಸಂಖ್ಯೆ ಯಾವಾಗಲೂ ಒಂದೇ ಥರ ಇರಲ್ಲ. ಪ್ರೊಸೆಸರ್‌ಗೆ ಎಂಥ ಕೆಲಸ ಕೊಡ್ತೀವಿ ಅನ್ನೋದರ ಮೇಲೆ ಅದು ಏರುತ್ತೆ, ಇಳಿಯುತ್ತೆ. ಎಷ್ಟೋ ಸಲ ವೇಗ ಹೆಚ್ಚಿಸೋಕೆ ಅಂತಲೇ ಸೇರಿಸಿದ ಹೊಸ ಇನ್‌ಸ್ಟ್ರಕ್ಷನ್ನೇ ಅದನ್ನು ಇಳಿಸಿಬಿಡುತ್ತೆ! ಎಂಜಿನಿಯರಿಂಗ್ ಓದಿದ ನನಗೂ ಮೊದಲು ಇದು ವಿಚಿತ್ರ ಅನ್ನಿಸಿತ್ತು.

ಇನ್‌ಸ್ಟ್ರಕ್ಷನ್ ಅಂದ್ರೆ ಪ್ರೊಸೆಸರ್‌ಗೆ ಕೊಡುವ ಒಂದೊಂದು ಆದೇಶ. ‘ಈ ಎರಡು ಸಂಖ್ಯೆ ಕೂಡಿಸು’ ಅಂತಾರಲ್ಲ, ಅಷ್ಟೇ. 1999ರಲ್ಲಿ ಪೆಂಟಿಯಂ 3 ಜೊತೆ ಬಂದ ಎಸ್‌ಎಸ್‌ಇ ಆದೇಶಗಳು ಒಂದೇ ಏಟಿಗೆ 4 ಸಂಖ್ಯೆಗಳ ಮೇಲೆ ಕೆಲಸ ಮಾಡ್ತಿದ್ದವು. 2011ರ ಏವಿಎಕ್ಸ್‌ನಲ್ಲಿ ಅದು 8 ಆಯಿತು. 2017ರಲ್ಲಿ ಇಂಟೆಲ್‌ನ ಝಿಯಾನ್ ಸರ್ವರ್ ಚಿಪ್‌ಗಳಿಗೆ ಬಂದ ಏವಿಎಕ್ಸ್-512ರಲ್ಲಿ 16.

ಒಂದು ಆದೇಶ, ಹದಿನಾರು ಲೆಕ್ಕ. ಕೇಳೋಕೆ ಚೆಂದ. ಆದರೆ ಪುಕ್ಕಟೆ ಅಲ್ಲ.

ಚಿಪ್‌ನ ಒಳಗೆ ಟ್ರಾನ್ಸಿಸ್ಟರ್‌ಗಳು ಆನ್-ಆಫ್ ಆದಷ್ಟೂ ವಿದ್ಯುತ್ ಖರ್ಚಾಗುತ್ತೆ. ಖರ್ಚಾದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತೆ. ಅಗಲವಾದ ಆದೇಶ ಬಂತು ಅಂದ್ರೆ ಮಲಗಿದ್ದ ದೊಡ್ಡ ಭಾಗವೊಂದು ಒಮ್ಮೆಲೇ ಎದ್ದು ಕರೆಂಟ್ ಎಳೆಯುತ್ತೆ. ಹಳ್ಳಿಯವರಿಗೆ ಇದು ಗೊತ್ತಿರೋ ಮಾತು: ಪಂಪ್‌ಸೆಟ್ ಸ್ಟಾರ್ಟ್ ಆದ ಕೂಡಲೇ ಮನೆ ಬಲ್ಬ್ ಮಂಕಾಗುತ್ತೆ. ಬಲ್ಬ್ ಮಂಕಾದ್ರೆ ಪರವಾಗಿಲ್ಲ. ಚಿಪ್‌ನೊಳಗೆ ವೋಲ್ಟೇಜ್ ಕುಸಿದ್ರೆ ಲೆಕ್ಕವೇ ತಪ್ಪುತ್ತೆ. ಹಾಗಾಗಿ ಚಿಪ್ ಮೊದಲೇ ಹೆಚ್ಚು ವೋಲ್ಟೇಜ್ ಬೇಡುತ್ತೆ.

ಇಲ್ಲೇ ಇರೋದು ತೊಡಕು. ವಿದ್ಯುತ್ ಖರ್ಚು ಏರೋದು ವೋಲ್ಟೇಜ್‌ನ ವರ್ಗದ ಲೆಕ್ಕದಲ್ಲಿ. ವೋಲ್ಟೇಜ್ ಶೇ. 10 ಏರಿದ್ರೆ ಖರ್ಚು ಶೇ. 21 ಏರುತ್ತೆ. ಮಿತಿ ಮೀರಬಾರದು ಅಂದ್ರೆ ಉಳಿದಿರೋ ದಾರಿ ಒಂದೇ, ಗಿಗಾಹರ್ಟ್ಸ್ ಇಳಿಸೋದು. 2.1 ಗಿಗಾಹರ್ಟ್ಸ್ ಅಂತ ಮಾರಿದ ಝಿಯಾನ್ ಸಿಲ್ವರ್ 4116 ಚಿಪ್, ಎಲ್ಲ ಕೋರ್‌ಗಳಲ್ಲೂ ಭಾರಿ ಏವಿಎಕ್ಸ್-512 ಕೆಲಸ ಬಿದ್ದಾಗ 1.4ಕ್ಕೆ ಇಳಿಯುತ್ತಿತ್ತು.

ಇಳಿದದ್ದು ತಕ್ಷಣ ಏರೋದೂ ಇಲ್ಲ. ಆದೇಶ ಮುಗಿದ ಮೇಲೂ ಸ್ವಲ್ಪ ಹೊತ್ತು ಚಿಪ್ ನಿಧಾನವಾಗೇ ಇರುತ್ತೆ. ಆ ಹೊತ್ತು ನಮಗೆ ಮಿಲಿಸೆಕೆಂಡ್, ಪ್ರೊಸೆಸರ್ ಪಾಲಿಗೆ ಲಕ್ಷಾಂತರ ಬಡಿತ. ಅದೇ ಕೋರ್‌ನಲ್ಲಿ ಸರದಿ ಕಾಯ್ತಿದ್ದ, ಹದಿನಾರರ ಲೆಕ್ಕಕ್ಕೆ ಸಂಬಂಧವೇ ಇಲ್ಲದ ಕೆಲಸವೂ ನಿಧಾನ. ಉಂಡವರೊಬ್ಬರು, ಬಿಲ್ ಕಟ್ಟಿದವರು ಇನ್ನೊಬ್ಬರು!

2017ರಲ್ಲಿ ಅಮೆರಿಕದ ಕ್ಲೌಡ್‌ಫ್ಲೇರ್ ಕಂಪನಿ ಇದನ್ನು ಅಳೆದು ತೋರಿಸಿತು. ವೆಬ್‌ಸೈಟ್‌ಗಳ ಗೂಢಲಿಪಿಗೆ ಏವಿಎಕ್ಸ್-512 ಬಳಸಿದಾಗ, ಆ ಕೆಲಸಕ್ಕೆ ಹೋಗ್ತಿದ್ದದ್ದು ಪ್ರೊಸೆಸರ್ ಸಮಯದ ಶೇ. 2.5ರಷ್ಟು ಮಾತ್ರ. ಆದರೆ ಇಡೀ ಸರ್ವರ್‌ನ ಸಾಮರ್ಥ್ಯ ಸುಮಾರು ಶೇ. 10 ಕುಸಿದಿತ್ತು.

ಹಾಗಾದ್ರೆ ಹೊಸ ಆದೇಶಗಳೇ ಕೆಟ್ಟವಾ? ಅಲ್ಲ. ವೇಗ ಮೂರರಲ್ಲಿ ಒಂದು ಪಾಲು ಇಳಿದರೂ ಅಗಲ ಎರಡರಷ್ಟಾದ್ರೆ, ಕಾಗದದ ಮೇಲೆ ಕೆಲಸ ಮೂರನೇ ಒಂದರಷ್ಟು ಜಾಸ್ತಿಯೇ ಆಗುತ್ತೆ. ಹವಾಮಾನದ ಲೆಕ್ಕಾಚಾರದಂಥ, ಬೆಳಗಿಂದ ಸಂಜೆವರೆಗೂ ಸಂಖ್ಯೆಗಳನ್ನೇ ಅರೆಯುವ ಕೆಲಸಕ್ಕೆ ಇದು ಲಾಭ. ಬೇಗ ಮುಗಿದ್ರೆ ಒಟ್ಟು ವಿದ್ಯುತ್ತೂ ಉಳಿಯಬಹುದು. ನಷ್ಟ ಆಗೋದು ಚಿಟಿಕೆಯಷ್ಟು ಬಳಸಿ, ಉಳಿದವರನ್ನೆಲ್ಲ ಕಾಯಿಸಿದಾಗ.

ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ 2020ರಲ್ಲಿ ಏವಿಎಕ್ಸ್-512 ಹಾಳಾಗಿ ಹೋಗಲಿ ಅಂತ ಬಹಿರಂಗವಾಗೇ ಬೈದಿದ್ದರು. ಆಮೇಲೆ ಇಂಟೆಲ್ ತನ್ನ ಹೊಸ ಚಿಪ್‌ಗಳಲ್ಲಿ ಈ ಇಳಿತವನ್ನು ಬಹಳ ಕಡಿಮೆ ಮಾಡಿತು. 2022ರಲ್ಲಿ ಎಎಂಡಿ ಇನ್ನೊಂದು ದಾರಿ ಹಿಡಿಯಿತು: ಅದೇ 512 ಬಿಟ್ ಆದೇಶವನ್ನು 256 ಬಿಟ್‌ನ ಎರಡು ಕಂತಿನಲ್ಲಿ ಮುಗಿಸೋದು. ಆದೇಶ ಹೊಸದು, ಕರೆಂಟಿನ ಹಠಾತ್ ಎಳೆತ ಕಡಿಮೆ.

ಸರ್ವರ್ ಕೋಣೆಯ ಕರೆಂಟ್ ಬಿಲ್ಲು, ಅದನ್ನು ತಂಪಾಗಿಡೋ ಎಸಿ ಬಿಲ್ಲು, ಎರಡೂ ನಾವು ಕಟ್ಟೋ ಶುಲ್ಕದಲ್ಲೇ ಸೇರಿರುತ್ತೆ. ಆದ್ದರಿಂದ ‘ಎರಡು ಪಟ್ಟು ವೇಗ’ ಅಂತ ಯಾರಾದ್ರೂ ಹೇಳಿದ್ರೆ ಎರಡು ಪ್ರಶ್ನೆ ಕೇಳಿ. ಯಾವ ಕೆಲಸದಲ್ಲಿ? ಆಗ ಪಕ್ಕದ ಕೆಲಸದ ಗತಿ ಏನು?